ಮರಿಯಾ ಮಿಚೆಲ್

ಮರಿಯಾ ಮಿಚೆಲ್ (ಆಗಸ್ಟ್ 1, 1818 – ಜೂನ್ 28, 1889) ಅಮೆರಿಕ ಸಂಯುಕ್ತ ಸಂಸ್ಥಾನದ ಖಗೋಳವಿಜ್ಞಾನಿ ಮತ್ತು ಶಿಕ್ಷಕಿ. 1847ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದು ಡೆನ್ಮಾರ್ಕಿನ ದೊರೆಯ ಚಿನ್ನದ ಪದಕವನ್ನು ಪಡೆದವರೆಂದು ಇವರ ಹೆಸರು ಮೊದಲು ಪ್ರಸಿದ್ಧಿಗೆ ಬಂತು. 1865ರಿಂದ 1888ರವರೆಗೆ ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಪಟ್ಟಣದ ವಾಸರ್ ಕಾಲೇಜಿನಲ್ಲಿ ಇವರು ಖಗೋಳವಿಜ್ಞಾನದ ಪ್ರಾಧ್ಯಾಪಕಿಯಾಗಿಯೂ ಅಲ್ಲಿನ ವೀಕ್ಷಣಾಲಯದ ನಿರ್ದೇಶಕಿಯಾಗಿಯೂ ಸೇವೆ ಸಲ್ಲಿಸಿದರು. ಹೆಣ್ಣುಮಕ್ಕಳಿಗೆ ಉನ್ನತ ಶಿಕ್ಷಣವೇ ತಕ್ಕುದಲ್ಲವೆಂಬ ವಾದ ಬಲವಾಗಿದ್ದ ಕಾಲದಲ್ಲಿ ಇವರು ತಮ್ಮ ವಿದ್ಯಾರ್ಥಿನಿಯರನ್ನು ದೂರದರ್ಶಕದ ಮುಂದೆ ಕೂರಿಸಿ ಸ್ವತಃ ಅಳೆಯಲು, ಲೆಕ್ಕ ಹಾಕಲು ಕಲಿಸಿದರು. ಇವರ ಶಿಷ್ಯೆಯರಲ್ಲಿ ಹಲವರು ಮುಂದೆ ಖಗೋಳವಿಜ್ಞಾನ, ರಸಾಯನವಿಜ್ಞಾನ, ಗಣಿತ ಹಾಗೂ ಮನೋವಿಜ್ಞಾನ ಕ್ಷೇತ್ರಗಳಲ್ಲಿ ಹೆಸರು ಪಡೆದರು. ಬರಹದಲ್ಲಿ ಮರಿಯಾ ಎಂದಿದ್ದರೂ ಇವರ ಹೆಸರಿನ ಉಚ್ಚಾರಣೆ ಮರಾಯ ಎಂದಿತ್ತು.

ಜನನ ಮತ್ತು ಬಾಲ್ಯ

ಮಿಚೆಲ್ ಜನಿಸಿದ್ದು ಮ್ಯಾಸಚೂಸೆಟ್ಸ್ ರಾಜ್ಯಕ್ಕೆ ಸೇರಿದ ನಾಂಟಕೆಟ್ ದ್ವೀಪದಲ್ಲಿ. ತಂದೆ ವಿಲಿಯಂ ಮಿಚೆಲ್, ತಾಯಿ ಲಿಡಿಯಾ ಕೋಲ್ಮನ್. ಹತ್ತು ಮಕ್ಕಳಲ್ಲಿ ಮರಿಯಾ ಮೂರನೆಯವರು. ಕುಟುಂಬವು ಕ್ವೇಕರ್ ಪಂಥಕ್ಕೆ ಸೇರಿತ್ತು. ಗಂಡುಮಕ್ಕಳಿಗೆ ಸಮನಾಗಿ ಹೆಣ್ಣುಮಕ್ಕಳಿಗೂ ವಿದ್ಯೆ ಕೊಡಿಸುವುದು ಆ ಪಂಥದವರಲ್ಲಿ ರೂಢಿಯಾಗಿತ್ತು. ಇದರ ಜೊತೆಗೆ ದ್ವೀಪದ ಆರ್ಥಿಕ ಜೀವನವೂ ಮರಿಯಾರ ವಿದ್ಯಾಭ್ಯಾಸಕ್ಕೆ ಒಂದು ರೀತಿಯಲ್ಲಿ ನೆರವಾಯಿತು. ಅಂದಿನ ನಾಂಟಕೆಟ್ ತಿಮಿಂಗಿಲ ಬೇಟೆಯ ಹಡಗುಗಳ ಪ್ರಮುಖ ನೆಲೆ. ಗಂಡಸರು ವರ್ಷಗಟ್ಟಲೆ ಸಮುದ್ರದ ಮೇಲಿರುತ್ತಿದ್ದುದರಿಂದ ಮನೆ, ಅಂಗಡಿ, ಲೆಕ್ಕಪತ್ರಗಳನ್ನು ಹೆಂಗಸರೇ ನಡೆಸುತ್ತಿದ್ದರು.

ವಿಲಿಯಂ ಮಿಚೆಲ್ ಶಾಲಾ ಶಿಕ್ಷಕರಾಗಿದ್ದು, ಮುಂದೆ ಊರಿನ ಪೆಸಿಫಿಕ್ ಬ್ಯಾಂಕಿನ ಅಧಿಕಾರಿಯಾದರು. ಆಕಾಶವೀಕ್ಷಣೆ ಅವರ ಹವ್ಯಾಸವೂ ಹೌದು, ಉಪವೃತ್ತಿಯೂ ಹೌದು. ನಡುಗಡಲಿನಲ್ಲಿ ಹಡಗು ತನ್ನ ರೇಖಾಂಶವನ್ನು ತಿಳಿಯಬೇಕಾದರೆ ಕ್ರೋನೋಮೀಟರ್ ಎಂಬ ನಿಖರ ಗಡಿಯಾರ ಬೇಕು. ಭೂಮಿ ನಾಲ್ಕು ನಿಮಿಷಗಳಲ್ಲಿ ಒಂದು ಡಿಗ್ರಿ ತಿರುಗುವುದರಿಂದ, ಗಡಿಯಾರದಲ್ಲಿ ಒಂದು ಸೆಕೆಂಡಿನ ತಪ್ಪಾದರೆ ಸಮಭಾಜಕವೃತ್ತದ ಬಳಿ ಹಡಗಿನ ಸ್ಥಾನ ಸುಮಾರು ಅರ್ಧ ಕಿಲೋಮೀಟರ್ ತಪ್ಪುತ್ತದೆ. ಯಾನಕ್ಕೆ ಹೊರಡುವ ಮುನ್ನ ಈ ಗಡಿಯಾರಗಳನ್ನು ನಕ್ಷತ್ರಗಳ ಚಲನೆಗೆ ಹೋಲಿಸಿ ಸರಿನೋಡುವ ಕೆಲಸವನ್ನು ವಿಲಿಯಂ ಮಾಡಿಕೊಡುತ್ತಿದ್ದರು. ಮಕ್ಕಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಜೊತೆಯಾದವರು ಮರಿಯಾ. 1831ರ ಫೆಬ್ರವರಿಯ ಸೂರ್ಯಗ್ರಹಣವನ್ನು ತಂದೆ ವೀಕ್ಷಿಸಿದಾಗ, ಪಕ್ಕದಲ್ಲಿ ನಿಂತು ಸೆಕೆಂಡುಗಳನ್ನು ಎಣಿಸಿದವರು ಹನ್ನೆರಡು ವರ್ಷದ ಈ ಮಗಳು. ಆ ವೀಕ್ಷಣೆಯಿಂದ ತಮ್ಮ ಮನೆಯ ರೇಖಾಂಶವನ್ನು ಅವರು ಗೊತ್ತುಪಡಿಸಿಕೊಂಡರು. ಎರಡು ವರ್ಷ ಕಳೆಯುವಷ್ಟರಲ್ಲಿ, ತಂದೆ ಊರಿನಲ್ಲಿಲ್ಲದಾಗ ಹಡಗಿನ ನಾಯಕರು ತಮ್ಮ ಗಡಿಯಾರಗಳನ್ನು ಮಗಳ ಕೈಗೇ ಒಪ್ಪಿಸತೊಡಗಿದ್ದರು.

ಔಪಚಾರಿಕವಾಗಿ ಮಿಚೆಲ್ ಓದಿದ್ದು ಸ್ಥಳೀಯ ಶಾಲೆಗಳಲ್ಲಿ ಮಾತ್ರ. ಕಾಲೇಜಿನ ಮೆಟ್ಟಿಲನ್ನು ಅವರು ವಿದ್ಯಾರ್ಥಿನಿಯಾಗಿ ಎಂದೂ ಹತ್ತಲಿಲ್ಲ. 1835ರಲ್ಲಿ ಅವರು ತಮ್ಮದೇ ಒಂದು ಪುಟ್ಟ ಶಾಲೆಯನ್ನು ತೆರೆದರು. ದ್ವೀಪದ ಸಾರ್ವಜನಿಕ ಶಾಲೆಗಳು ಕಪ್ಪು ಮಕ್ಕಳನ್ನು ಬೇರೆ ಇಟ್ಟಿದ್ದ ಆ ದಿನಗಳಲ್ಲಿ ಮಿಚೆಲ್ ಅವರ ಶಾಲೆ ಬಿಳಿಯರಲ್ಲದ ಮಕ್ಕಳನ್ನೂ ಸೇರಿಸಿಕೊಂಡಿತು.

ಗ್ರಂಥಪಾಲಕಿಯಾಗಿ

1836ರಲ್ಲಿ ಮಿಚೆಲ್ ನಾಂಟಕೆಟ್ ಅಥೀನಿಯಂ ಎಂಬ ಗ್ರಂಥಾಲಯದ ಗ್ರಂಥಪಾಲಕಿಯಾದರು. ಇಪ್ಪತ್ತು ವರ್ಷ ನಡೆಸಿದ ಈ ಉದ್ಯೋಗವೇ ಅವರ ಪಾಲಿನ ವಿಶ್ವವಿದ್ಯಾಲಯವೆನ್ನಬಹುದು. ಓದುಗರು ವಿರಳವಾಗಿರುತ್ತಿದ್ದ ಹೊತ್ತುಗಳಲ್ಲಿ ಅವರು ಉನ್ನತ ಗಣಿತವನ್ನೂ, ಖಗೋಳಗಣಿತದ ಫ್ರೆಂಚ್ ಹಾಗೂ ಜರ್ಮನ್ ಗ್ರಂಥಗಳನ್ನೂ ತಾವಾಗಿಯೇ ಅಭ್ಯಾಸ ಮಾಡಿದರು. ಗುಲಾಮಗಿರಿಯ ವಿರುದ್ಧದ ಚಳವಳಿಗೂ ಈ ಗ್ರಂಥಾಲಯ ವೇದಿಕೆಯಾಗಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಸ್ 1841ರಲ್ಲಿ ನಾಂಟಕೆಟ್ಟಿನ ಸಮ್ಮೇಳನದಲ್ಲಿ ಮಾಡಿದ ಭಾಷಣ ಅವರ ಸಾರ್ವಜನಿಕ ಜೀವನದ ಆರಂಭವೆಂದು ಪರಿಗಣಿತವಾಗಿದೆ. ದಕ್ಷಿಣದ ಗುಲಾಮರ ದುಡಿಮೆಯಿಂದ ಬೆಳೆದ ಹತ್ತಿಯ ಬಟ್ಟೆಯನ್ನು ತೊಡದಿರಲು ಮಿಚೆಲ್ ನಿಶ್ಚಯಿಸಿದ್ದರು. 1843ರಲ್ಲಿ ಅವರು ಕ್ವೇಕರ್ ಪಂಥದಿಂದ ಹೊರಬಂದರು.

ಧೂಮಕೇತುವಿನ ಶೋಧ

1847ರ ಅಕ್ಟೋಬರ್ 1ರ ರಾತ್ರಿ ಮಿಚೆಲ್ ಅವರ ಮನೆಯಲ್ಲಿ ಅತಿಥಿಗಳು ನೆರೆದಿದ್ದರು. ಆಗ ಕುಟುಂಬವು ಬ್ಯಾಂಕಿನ ಕಟ್ಟಡದಲ್ಲಿಯೇ ವಾಸವಾಗಿದ್ದು, ಅದರ ಮಾಳಿಗೆಯ ಮೇಲೆ ತಂದೆ ಪುಟ್ಟ ವೀಕ್ಷಣಾಲಯವನ್ನು ಕಟ್ಟಿಕೊಂಡಿದ್ದರು. ಮರಿಯಾ ಅತಿಥಿಗಳ ನಡುವಿನಿಂದ ಮೆಲ್ಲನೆ ಎದ್ದು ಮಾಳಿಗೆಗೆ ಹೋದರು. ಹತ್ತೂವರೆಯ ಸುಮಾರಿಗೆ ಧ್ರುವ ನಕ್ಷತ್ರಕ್ಕಿಂತ ಐದು ಡಿಗ್ರಿ ಮೇಲೆ, ನಕ್ಷೆಯಲ್ಲಿ ಏನೂ ಇರದಿದ್ದ ಜಾಗದಲ್ಲಿ, ಮಸುಕಾದ ಬೆಳಕಿನ ಚುಕ್ಕೆಯೊಂದು ದೂರದರ್ಶಕಕ್ಕೆ ಬಿತ್ತು. ಅದು ಧೂಮಕೇತುವೆಂದು ತಂದೆಗೆ ಕೂಡಲೇ ಮನವರಿಕೆಯಾಯಿತು. ಖಚಿತಪಡಿಸಿಕೊಳ್ಳದೆ ಪ್ರಕಟಿಸಬಾರದೆಂದು ಮಗಳು ಹಿಂಜರಿದರೂ, ಅಕ್ಟೋಬರ್ 3ರಂದು ತಂದೆ ಹಾರ್ವರ್ಡ್ ವೀಕ್ಷಣಾಲಯದ ವಿಲಿಯಂ ಬಾಂಡ್ ಅವರಿಗೆ ಪತ್ರ ಬರೆದರು.

ಅದೇ ಅಕ್ಟೋಬರ್ 3ರಂದು ರೋಮಿನಲ್ಲಿ ಫ್ರಾನ್ಸೆಸ್ಕೊ ದೆ ವಿಕೊ ಎಂಬ ಜೆಸ್ವಿಟ್ ಖಗೋಳಜ್ಞರಿಗೂ ಈ ಧೂಮಕೇತು ಕಂಡಿತು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನಲ್ಲಿ ವಿಲಿಯಂ ಡಾಸ್ ಮತ್ತು ಹ್ಯಾಂಬರ್ಗಿನಲ್ಲಿ ಶ್ರೀಮತಿ ರ‍್ಯೂಮ್ಕರ್ ಕೂಡ ಅದನ್ನು ಗುರುತಿಸಿದರು. ದೂರದರ್ಶಕದಿಂದ ಧೂಮಕೇತುವನ್ನು ಮೊದಲು ಕಂಡವರಿಗೆ ಚಿನ್ನದ ಪದಕ ಕೊಡುವ ಏರ್ಪಾಡನ್ನು ಡೆನ್ಮಾರ್ಕಿನ ಆರನೆಯ ಫ್ರೆಡರಿಕ್ ದೊರೆ 1831ರಲ್ಲಿ ಮಾಡಿದ್ದ. ಶೋಧವನ್ನು ಮೊದಲ ಅಂಚೆಯಲ್ಲಿಯೇ ತಿಳಿಸಬೇಕೆಂಬುದು ಅದರ ನಿಯಮ. ದ್ವೀಪದಿಂದ ಹೊರಟ ಪತ್ರ ಕೇಂಬ್ರಿಜ್ ಮುಟ್ಟಿ, ಅಲ್ಲಿಂದ ಸುದ್ದಿ ಅಟ್ಲಾಂಟಿಕ್ ದಾಟುವ ಮೊದಲೇ ಯೂರೋಪಿನಲ್ಲಿ ದೆ ವಿಕೊ ಅವರ ಹೆಸರು ದಾಖಲಾಗಿತ್ತು. ಹಾರ್ವರ್ಡಿನ ಅಧ್ಯಕ್ಷ ಎಡ್ವರ್ಡ್ ಎವರೆಟ್ ಡ್ಯಾನಿಷ್ ಸರ್ಕಾರದೊಂದಿಗೆ ಪತ್ರವ್ಯವಹಾರ ನಡೆಸಿ ಮಿಚೆಲ್ ಅವರ ಪ್ರಾಥಮ್ಯವನ್ನು ಸ್ಥಾಪಿಸಿದರು. 1848ರಲ್ಲಿ ಪದಕ ಮಿಚೆಲ್ ಅವರಿಗೆ ಸಂದಿತು. ಇಂದಿನ ನಾಮಕರಣ ಪದ್ಧತಿಯಲ್ಲಿ ಆ ಧೂಮಕೇತುವಿನ ಹೆಸರು ಸಿ/1847 ಟಿ1.

ಅದೇ ವರ್ಷ ಅಮೆರಿಕದ ಕಲೆ ಮತ್ತು ವಿಜ್ಞಾನಗಳ ಅಕಾಡೆಮಿ ಮಿಚೆಲ್ ಅವರನ್ನು ಆರಿಸಿತು. ಆ ಗೌರವ ಪಡೆದ ಮೊದಲ ಮಹಿಳೆ ಅವರೇ. ಆದರೆ ಪ್ರಮಾಣಪತ್ರದಲ್ಲಿ ಅಚ್ಚಾಗಿದ್ದ ಫೆಲೋ ಎಂಬ ಪದವನ್ನು ಅಳಿಸಿ ಗೌರವ ಸದಸ್ಯೆ ಎಂದು ಕೈಯಲ್ಲಿ ಬರೆದು ಕಳುಹಿಸಲಾಯಿತು. ಆ ಅಕಾಡೆಮಿ ಮತ್ತೆ ಮಹಿಳೆಯರನ್ನು ಆರಿಸಿದ್ದು 1943ರಲ್ಲಿ.

ಪಂಚಾಂಗ ಗಣನೆ ಮತ್ತು ಯೂರೋಪ್ ಪ್ರವಾಸ

1849ರಲ್ಲಿ ಅಮೆರಿಕದ ನೌಕಾ ಪಂಚಾಂಗ ಕಚೇರಿಯು ಮಿಚೆಲ್ ಅವರನ್ನು ಗಣಕರಲ್ಲೊಬ್ಬರನ್ನಾಗಿ ನೇಮಿಸಿಕೊಂಡಿತು. ನಾವಿಕರ ಬಳಕೆಗಾಗಿ ಶುಕ್ರ ಗ್ರಹದ ಸ್ಥಾನಗಳನ್ನು ಮುಂದಾಗಿ ಲೆಕ್ಕ ಹಾಕಿಡುವುದು ಅವರ ಪಾಲಿಗೆ ಬಂದ ಕೆಲಸ. ವರ್ಷಕ್ಕೆ 300 ಡಾಲರ್ ಸಂಬಳದಿಂದ ಆರಂಭವಾದ ಈ ಕೆಲಸವನ್ನು ಅವರು ಹೆಚ್ಚು ಕಡಿಮೆ ಎರಡು ದಶಕ ಮುಂದುವರಿಸಿದರು.

1857ರಲ್ಲಿ ಶ್ರೀಮಂತ ಕುಟುಂಬವೊಂದರ ಹುಡುಗಿಗೆ ಸಂಗಾತಿಯಾಗಿ ಯೂರೋಪಿಗೆ ಹೊರಟ ಮಿಚೆಲ್, ಆಕೆ ಅಮೆರಿಕಕ್ಕೆ ಮರಳಿದ ಮೇಲೂ ಅಲ್ಲಿಯೇ ಉಳಿದು, ಕಾದಂಬರಿಕಾರ ನಥಾನಿಯಲ್ ಹಾಥಾರ್ನ್ ಅವರ ಕುಟುಂಬದೊಡನೆ ರೋಮಿಗೆ ಪಯಣಿಸಿದರು. ಗ್ರೀನಿಚ್ ವೀಕ್ಷಣಾಲಯದ ಜಾರ್ಜ್ ಏರಿ, ಜಾನ್ ಹರ್ಷೆಲ್, ಅಲೆಕ್ಸಾಂಡರ್ ಹಂಬೋಲ್ಟ್ ಮೊದಲಾದವರನ್ನು ಕಂಡರು. ಅವರು ಹೆಚ್ಚು ಹಂಬಲಿಸಿದ್ದು ಫ್ಲಾರೆನ್ಸಿನಲ್ಲಿದ್ದ ವೃದ್ಧ ಗಣಿತಜ್ಞೆ ಮೇರಿ ಸೊಮರ್ವಿಲ್ ಅವರ ಭೇಟಿಗಾಗಿ. ರೋಮಿನ ವೀಕ್ಷಣಾಲಯವು ಜೆಸ್ವಿಟ್ ಮಠದ ಆವರಣದಲ್ಲಿದ್ದು ಹೆಂಗಸರಿಗೆ ಪ್ರವೇಶವಿರಲಿಲ್ಲ. ವಿಶೇಷ ಅನುಮತಿಗೆ ಕಾದು ಕೊನೆಗೆ ಒಳಹೊಕ್ಕರಾದರೂ ಕತ್ತಲಾಗುವ ಮೊದಲೇ ಹೊರಬರಬೇಕೆಂದು ಷರತ್ತು ಹಾಕಲಾಗಿತ್ತು. ಖಗೋಳಜ್ಞೆಯೊಬ್ಬರಿಗೆ ವೀಕ್ಷಣಾಲಯವನ್ನು ಹಗಲಿನಲ್ಲಿ ಮಾತ್ರ ತೋರಿಸಿದ ಈ ಪ್ರಸಂಗವನ್ನು, ಮುಂದೆ ವಾಸರಿನಲ್ಲಿ ವಿದ್ಯಾರ್ಥಿನಿಯರ ರಾತ್ರಿ ವೀಕ್ಷಣೆಗಾಗಿ ಅವರು ನಡೆಸಿದ ಹೋರಾಟದ ಜೊತೆಗಿಟ್ಟು ನೋಡಬೇಕು.

ತಾಯ್ನಾಡಿಗೆ ಮರಳಿದ ಮೇಲೆ ಅಮೆರಿಕದ ಮಹಿಳೆಯರು ಚಂದಾ ಎತ್ತಿ ಕೊಂಡ, ಆಲ್ವನ್ ಕ್ಲಾರ್ಕ್ ತಯಾರಿಸಿದ ಐದು ಅಂಗುಲದ ದೂರದರ್ಶಕ ಅವರಿಗೆ ಉಡುಗೊರೆಯಾಗಿ ದೊರೆಯಿತು. 1861ರಲ್ಲಿ ತಾಯಿ ತೀರಿಕೊಂಡ ಬಳಿಕ ತಂದೆಯೊಡನೆ ಮ್ಯಾಸಚೂಸೆಟ್ಸಿನ ಲಿನ್ ಪಟ್ಟಣಕ್ಕೆ ಹೋಗಿ ನೆಲೆಸಿದರು.

ವಾಸರ್ ಕಾಲೇಜಿನಲ್ಲಿ

ಬಿಯರ್ ತಯಾರಿಕೆಯಿಂದ ಧನಿಕನಾದ ಮ್ಯಾಥ್ಯೂ ವಾಸರ್, ಗಂಡಸರ ಕಾಲೇಜುಗಳಿಗೆ ಸರಿಗಟ್ಟುವ ಮಹಿಳಾ ಕಾಲೇಜೊಂದನ್ನು ಪೊಕೀಪ್ಸಿಯಲ್ಲಿ ಸ್ಥಾಪಿಸಿದ. 1865ರ ಸೆಪ್ಟೆಂಬರಿನಲ್ಲಿ 353 ವಿದ್ಯಾರ್ಥಿನಿಯರೊಡನೆ ತರಗತಿಗಳು ಆರಂಭವಾದವು. ಅದರ ಮೊದಲ ಪ್ರಾಧ್ಯಾಪಕರಲ್ಲಿ ಮಿಚೆಲ್ ಒಬ್ಬರು. ಆಗ ಅವರಿಗೆ 47 ವರ್ಷ. ಪದವಿಯಿಲ್ಲದ ತಾವು ಪದವಿ ಕಾಲೇಜಿನಲ್ಲಿ ಕಲಿಸಬಲ್ಲೆವೇ ಎಂಬ ಅಳುಕು ಅವರಿಗಿತ್ತು. ಆವರಣದಲ್ಲಿ ಮೊದಲು ಪೂರ್ಣಗೊಂಡ ಕಟ್ಟಡ ವೀಕ್ಷಣಾಲಯವೇ. ಅದರ ಗುಮ್ಮಟದಡಿ ಹೆನ್ರಿ ಫಿಟ್ಜ್ ನಿರ್ಮಿಸಿದ, ಹನ್ನೆರಡು ಅಂಗುಲಕ್ಕೂ ತುಸು ಹೆಚ್ಚು ವ್ಯಾಸದ ದೂರದರ್ಶಕವಿತ್ತು. ಅಂದಿನ ಅಮೆರಿಕದ ದೊಡ್ಡ ದೂರದರ್ಶಕಗಳ ಸಾಲಿಗೆ ಅದು ಸೇರುತ್ತಿತ್ತು. ತಂದೆ, ಮಗಳು ಇಬ್ಬರೂ ವೀಕ್ಷಣಾಲಯದಲ್ಲಿಯೇ ವಾಸವಾಗಿದ್ದರು. 1869ರಲ್ಲಿ ತಂದೆ ಅಲ್ಲಿಯೇ ನಿಧನರಾದರು.

ಮಿಚೆಲ್ ಅವರ ಬೋಧನಾಕ್ರಮ ಅಂದಿನ ರೂಢಿಗೆ ಹೊರತಾಗಿತ್ತು. ಪಠ್ಯಪುಸ್ತಕದ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಕಲಿಕೆಯೆನಿಸಿದ್ದ ಕಾಲದಲ್ಲಿ ಅವರು ವಿದ್ಯಾರ್ಥಿನಿಯರಿಗೆ ಉಪಕರಣವನ್ನು ಕೊಟ್ಟು, ಕಂಡದ್ದನ್ನು ಬರೆದಿಡಲು ಹೇಳುತ್ತಿದ್ದರು. ಮೇಲಿನ ತರಗತಿಯವರು ಗ್ರಹಣಗಳ ಕಾಲವನ್ನು ಗಣಿಸುತ್ತಿದ್ದರು. ಹೊಸ ಧೂಮಕೇತು ಕಾಣಿಸಿಕೊಂಡರೆ ಅದರ ಕಕ್ಷೆಯನ್ನು ಲೆಕ್ಕ ಹಾಕುತ್ತಿದ್ದರು. ಗಣಿತದಲ್ಲಿ ಗಟ್ಟಿಯಿಲ್ಲದವರಿಗೆ ಈ ತರಗತಿ ದಕ್ಕುತ್ತಿರಲಿಲ್ಲ. ಹಾಗಾಗಿ ಸಂಖ್ಯೆ ಯಾವಾಗಲೂ ಚಿಕ್ಕದು. ಅಂಕಗಳನ್ನು ಕೊಡುವ ಪದ್ಧತಿಯನ್ನು ಮಿಚೆಲ್ ಒಪ್ಪಲಿಲ್ಲ. ಹಾಜರಿ ದಾಖಲಿಸುವುದನ್ನೂ ಇಷ್ಟಪಡಲಿಲ್ಲ. ಮನುಷ್ಯನ ಬುದ್ಧಿಯನ್ನು ಅಂಕೆಯಲ್ಲಿ ಅಳೆಯಲಾಗದೆಂಬುದು ಅವರ ನಿಲುವಾಗಿತ್ತು. ಅಳತೆಯ ವಿಚಾರದಲ್ಲಿ ಸೆಕೆಂಡಿನ ಭಾಗಗಳನ್ನೂ ಬಿಡದ ವ್ಯಕ್ತಿಯೇ ಹೀಗೆ ಹೇಳಿದ್ದು ವಿಶೇಷ.

ದೊಡ್ಡ ತೊಡಕು ಎದುರಾದದ್ದು ರಾತ್ರಿಯ ವಿಷಯದಲ್ಲಿ. ವಾಸರಿನ ನಿಯಮಗಳು ಅಂದಿನ ಮರ್ಯಾದೆಯ ಕಲ್ಪನೆಗೆ ತಕ್ಕಂತಿದ್ದವು; ನಿಗದಿತ ಗಂಟೆ ಬಾರಿಸಿದ ಮೇಲೆ ದೀಪವಾರಿಸಿ ಮಲಗಬೇಕು, ಹೊರಗೆ ಸುಳಿಯಬಾರದು. ನಕ್ಷತ್ರಗಳು ಕಾಲೇಜಿನ ಗಂಟೆಗೆ ಕಾಯುವುದಿಲ್ಲ. ರಾತ್ರಿಯ ತಂಪುಗಾಳಿ ಹುಡುಗಿಯರ ಆರೋಗ್ಯಕ್ಕೆ ಕೆಡುಕೆಂಬ ಆಕ್ಷೇಪವೂ ಇತ್ತು. ಮಿಚೆಲ್ ಇದನ್ನು ಲೆಕ್ಕಿಸದೆ ವಿದ್ಯಾರ್ಥಿನಿಯರನ್ನು ಮಾಳಿಗೆಗೂ ಗುಮ್ಮಟಕ್ಕೂ ಕರೆದರು. ಶನಿ ಮತ್ತು ಗುರು ಗ್ರಹಗಳ ಉಪಗ್ರಹಗಳ ಬಗ್ಗೆ ಈ ವರ್ಷಗಳಲ್ಲಿ ನಡೆದ ವೀಕ್ಷಣೆಗಳನ್ನು ಅವರು ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸಿದರು.

ಹಗಲಿನ ವೇಳೆಯಲ್ಲಿ ಸೂರ್ಯನನ್ನು ಗಾಜಿನ ಫಲಕಗಳ ಮೇಲೆ ಛಾಯಾಚಿತ್ರವಾಗಿ ಸೆರೆಹಿಡಿಯುವ ಕೆಲಸ ಸಾಗಿತು. ಸೌರಕಲೆಗಳನ್ನು ದಿನದಿನವೂ ಹಿಂಬಾಲಿಸಿದ ಮಿಚೆಲ್, ಅವು ಸೂರ್ಯನ ಮೇಲೆ ತೇಲುವ ಮೋಡಗಳಲ್ಲ, ಸುಳಿಯುತ್ತಿರುವ ಲಂಬ ಕುಳಿಗಳು ಎಂಬ ಅಭಿಪ್ರಾಯಕ್ಕೆ ಬಂದರು. ಸೌರಕಲೆಗಳ ಕಾಂತೀಯ ಸ್ವರೂಪ ಬೆಳಕಿಗೆ ಬಂದದ್ದು 1908ರಲ್ಲಿ, ಜಾರ್ಜ್ ಹೇಲ್ ಅವರ ಕೆಲಸದಿಂದ.

ವರ್ಷಕ್ಕೊಮ್ಮೆ ಪದವಿ ಪ್ರದಾನದ ಮುನ್ನ ಗುಮ್ಮಟದ ಕೆಳಗೆ ಒಂದು ಕೂಟ ಜರುಗುತ್ತಿತ್ತು. ದೂರದರ್ಶಕದ ಸುತ್ತ ಪುಟ್ಟ ಮೇಜುಗಳನ್ನು ಹಾಕಿ ಊಟ ಬಡಿಸಿ, ಪ್ರತಿಯೊಬ್ಬ ವಿದ್ಯಾರ್ಥಿನಿಯ ಮೇಲೆ ಮಿಚೆಲ್ ತಮಾಷೆಯ ಪದ್ಯಗಳನ್ನು ಹೊಸೆದು ಓದುತ್ತಿದ್ದರು; ಅವರೂ ಪದ್ಯದಲ್ಲೇ ಮರುತ್ತರ ಕೊಡುತ್ತಿದ್ದರು.

ಸಂಬಳದ ಪ್ರಶ್ನೆ

ಮಿಚೆಲ್ ಅವರಿಗೆ ಕಾಲೇಜು ಗೊತ್ತುಮಾಡಿದ ಸಂಬಳ ವರ್ಷಕ್ಕೆ 800 ಡಾಲರ್, ಜೊತೆಗೆ ತಂದೆಗೂ ಸೇರಿ ಊಟ ಮತ್ತು ವಸತಿ. ಅದೇ ದರ್ಜೆಯ ಪುರುಷ ಪ್ರಾಧ್ಯಾಪಕರು ಪಡೆಯುತ್ತಿದ್ದುದು ಅದರ ಎರಡು ಪಟ್ಟಿಗೂ ಹೆಚ್ಚು. ಅಂತರರಾಷ್ಟ್ರೀಯ ಪದಕ ಪಡೆದಿದ್ದ, ಕಾಲೇಜಿನ ಹೆಸರಿಗೆ ತೂಕ ತಂದಿದ್ದ ವ್ಯಕ್ತಿಯ ಮಟ್ಟಿಗೂ ಲೆಕ್ಕ ಹೀಗಿತ್ತು. ಮೊದಲು ಅವರು ಇದನ್ನು ಪ್ರಶ್ನಿಸಲಿಲ್ಲ. ಕೆಲವು ವರ್ಷಗಳ ನಂತರ, ಕಾಲೇಜಿನ ವೈದ್ಯೆಯೂ ಶರೀರಶಾಸ್ತ್ರದ ಪ್ರಾಧ್ಯಾಪಕಿಯೂ ಆಗಿದ್ದ ಅಲೈಡಾ ಏವರಿ ಅವರೊಡಗೂಡಿ ಆಡಳಿತ ಮಂಡಳಿಯ ಮುಂದೆ ಸಮಾನ ವೇತನದ ಬೇಡಿಕೆಯನ್ನಿಟ್ಟರು. ಪಟ್ಟು ಹಿಡಿದ ಮೇಲೆ ಇಬ್ಬರ ಸಂಬಳವೂ ಏರಿತು.

ಗ್ರಹಣ ಯಾತ್ರೆಗಳು

1869ರ ಆಗಸ್ಟ್ 7ರ ಖಗ್ರಾಸ ಸೂರ್ಯಗ್ರಹಣವನ್ನು ನೋಡಲು ಮಿಚೆಲ್ ತಮ್ಮ ಶಿಷ್ಯೆಯರೊಡನೆ ಅಯೋವಾ ರಾಜ್ಯದ ಬರ್ಲಿಂಗ್ಟನ್ನಿಗೆ ಹೋದರು. ಇದಕ್ಕಿಂತ ಹೆಚ್ಚು ಸುದ್ದಿಯಾದದ್ದು 1878ರ ಯಾತ್ರೆ. ಅದಕ್ಕೊಂದು ಹಿನ್ನೆಲೆಯಿದೆ. 1873ರಲ್ಲಿ ಬಾಸ್ಟನ್ನಿನ ವೈದ್ಯ ಎಡ್ವರ್ಡ್ ಕ್ಲಾರ್ಕ್, ಬೌದ್ಧಿಕ ಶ್ರಮವು ಹೆಣ್ಣಿನ ದೇಹವನ್ನೂ ತಾಯ್ತನದ ಶಕ್ತಿಯನ್ನೂ ಕುಗ್ಗಿಸುತ್ತದೆಂದು ವಾದಿಸುವ ಪುಸ್ತಕವನ್ನು ಪ್ರಕಟಿಸಿದ. ಅದು ಹಲವು ಮುದ್ರಣಗಳನ್ನು ಕಂಡಿತು. ಹೆಣ್ಣುಮಕ್ಕಳ ಕಾಲೇಜುಗಳು ಉತ್ತರ ಕೊಡಲೇಬೇಕಾದ ಸ್ಥಿತಿ ಬಂತು.

1878ರ ಜುಲೈ 29ರ ಗ್ರಹಣದ ನೆರಳು ಪಶ್ಚಿಮದ ರಾಕಿ ಪರ್ವತಗಳ ಮೇಲೆ ಹಾದುಹೋಗುವುದಿತ್ತು. ಪುರುಷ ವಿಜ್ಞಾನಿಗಳ ತಂಡಗಳಿಗೆ ಸರ್ಕಾರದ ನೆರವಿತ್ತು. ಥಾಮಸ್ ಎಡಿಸನ್ ಕೂಡ ವಯೋಮಿಂಗಿಗೆ ಬಂದಿದ್ದರು. ಮಿಚೆಲ್ ಸರ್ಕಾರದ ನೆರವಿಲ್ಲದೆ, ಐವರು ಮಹಿಳೆಯರನ್ನು ಕೂಡಿಕೊಂಡು ಡೆನ್ವರಿಗೆ ರೈಲು ಹತ್ತಿದರು. ಆಗ ಅವರಿಗೆ ಅರವತ್ತು ತುಂಬುತ್ತಿತ್ತು. ಕೊಲರಾಡೊದಲ್ಲಿ ಎರಡು ರೈಲ್ವೆ ಕಂಪನಿಗಳ ನಡುವೆ ಕಾದಾಟ ನಡೆದಿದ್ದ ಕಾರಣ, ದೂರದರ್ಶಕದ ಭಾಗಗಳಿದ್ದ ಸಾಮಾನು ಪ್ವೆಬ್ಲೊ ನಿಲ್ದಾಣದ ಬಳಿ ಸಿಕ್ಕಿಬಿತ್ತು. ಸಾಮಾನು ಬಂದು ತಲುಪಿದಾಗ ಮಳೆ. ಗ್ರಹಣದ ದಿನ ಆಕಾಶ ತಿಳಿಯಾಯಿತು. ಊರ ಹೊರಗಿನ ದಿಬ್ಬದ ಮೇಲೆ ದೂರದರ್ಶಕಗಳನ್ನು ನಿಲ್ಲಿಸಿಕೊಂಡು, ಒಬ್ಬರು ಸೆಕೆಂಡುಗಳನ್ನು ಎಣಿಸುತ್ತ, ಉಳಿದವರು ಕರೋನವನ್ನು ಗಮನಿಸುತ್ತ, ಮೂರು ನಿಮಿಷಕ್ಕೂ ಕಡಿಮೆಯಿದ್ದ ಆ ಕತ್ತಲೆಯನ್ನು ತಂಡ ದಾಖಲಿಸಿತು. ವೈಜ್ಞಾನಿಕವಾಗಿ ಈ ವೀಕ್ಷಣೆಯಿಂದ ದೊಡ್ಡ ಶೋಧವೇನೂ ಹೊಮ್ಮಲಿಲ್ಲ. ಆದರೆ ಬಯಲಿನಲ್ಲಿ ನಿಂತು ಕೆಲಸ ಮಾಡುತ್ತಿದ್ದ ಪದವೀಧರ ಮಹಿಳೆಯರನ್ನು ಡೆನ್ವರಿನ ಜನ ಕಣ್ಣಾರೆ ಕಂಡರು. ಕ್ಲಾರ್ಕನ ವಾದಕ್ಕೆ ಇಂತಹ ಉತ್ತರವನ್ನು ಪುಸ್ತಕ ಬರೆದು ಕೊಡುವುದು ಕಷ್ಟ.

ಮಹಿಳಾ ಸಂಘಟನೆ

1873ರಲ್ಲಿ ಸ್ಥಾಪನೆಯಾದ ಮಹಿಳಾ ಪ್ರಗತಿ ಸಂಘದ ಸ್ಥಾಪಕರಲ್ಲಿ ಮಿಚೆಲ್ ಒಬ್ಬರು. ಮುಂದೆ ಅದರ ಅಧ್ಯಕ್ಷೆಯೂ ಆದರು. ಅಧಿಕಾರ ಬಿಟ್ಟ ಮೇಲೂ ಸಂಘದ ವಿಜ್ಞಾನ ಸಮಿತಿಯನ್ನು ನೋಡಿಕೊಂಡರು. ಹೆಣ್ಣುಮಕ್ಕಳಿಗೆ ಎಲ್ಲೆಲ್ಲಿ ವಿಜ್ಞಾನ ಬೋಧನೆ ದೊರೆಯುತ್ತಿದೆ, ಕಲಿತವರಿಗೆ ಯಾವ ಕೆಲಸ ಸಿಗುತ್ತಿದೆ ಎಂಬ ಮಾಹಿತಿಯನ್ನು ಸಮಿತಿ ಕಲೆಹಾಕುತ್ತಿತ್ತು. ಈ ಎರಡನೆಯ ಪ್ರಶ್ನೆಯೇ ಅವರ ಶಿಷ್ಯೆಯರ ಬದುಕಿನಲ್ಲಿಯೂ ಮೇಲಿಂದ ಮೇಲೆ ಎದುರಾಯಿತು.

ಶಿಷ್ಯೆಯರು

ಮೊದಲ ವರ್ಷಗಳ ವಿದ್ಯಾರ್ಥಿನಿ ಮೇರಿ ವಾಟ್ಸನ್ ವಿಟ್ನಿ 1868ರಲ್ಲಿ ಪದವಿ ಪಡೆದರು. ಹಾರ್ವರ್ಡಿಗೆ ಮಹಿಳೆಯರು ವಿದ್ಯಾರ್ಥಿಗಳಾಗಿ ಸೇರುವಂತಿರಲಿಲ್ಲ. ಗಣಿತಜ್ಞ ಬೆಂಜಮಿನ್ ಪರ್ಸ್ ಅವರ ಉಪನ್ಯಾಸಗಳನ್ನು ವಿಟ್ನಿ ಅತಿಥಿಯಾಗಿ ಕುಳಿತು ಕೇಳಿದರು. ಬಳಿಕ ಜ್ಯೂರಿಕ್ಕಿಗೆ ಹೋಗಿ ಓದಿ ಬಂದರು. ಇಷ್ಟಾದರೂ ದೇಶಕ್ಕೆ ಮರಳಿದಾಗ ಅವರಿಗೆ ಸಿಕ್ಕಿದ್ದು ಪ್ರೌಢಶಾಲೆಯ ಶಿಕ್ಷಕಿಯ ಹುದ್ದೆ. 1881ರಲ್ಲಿ ಮಿಚೆಲ್ ಅವರನ್ನು ಸಹಾಯಕಿಯಾಗಿ ವಾಸರಿಗೆ ಕರೆಸಿಕೊಂಡರು. ಮಿಚೆಲ್ ನಿವೃತ್ತರಾದಾಗ ಪೀಠವೂ ವೀಕ್ಷಣಾಲಯವೂ ವಿಟ್ನಿ ಅವರಿಗೆ ಬಂದವು. ವಿಟ್ನಿ ಅವರ ಶಿಷ್ಯೆ ಕ್ಯಾರೊಲೈನ್ ಫರ್ನೆಸ್ ಮುಂದೆ ಅದೇ ಸ್ಥಾನಕ್ಕೆ ಬಂದರು. ಹೀಗೆ ಗುರುವಿನಿಂದ ಶಿಷ್ಯೆಗೆ, ಆಕೆಯಿಂದ ಆಕೆಯ ಶಿಷ್ಯೆಗೆ ಒಂದು ವೀಕ್ಷಣಾಲಯ ಮೂರು ತಲೆಮಾರು ಸಾಗಿಬಂತು.

1869ರ ಪದವೀಧರೆ ಕ್ರಿಸ್ಟೀನ್ ಲ್ಯಾಡ್ ಗಣಿತದತ್ತ ಹೊರಳಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ತರ್ಕಶಾಸ್ತ್ರದ ಮೇಲೆ ಪ್ರಬಂಧವನ್ನು 1882ರಲ್ಲಿ ಪೂರ್ಣಗೊಳಿಸಿದರು. ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಅದು ಅವರ ಕೈಸೇರಿದ್ದು 1926ರಲ್ಲಿ. ಅಷ್ಟರಲ್ಲಿ ಬಣ್ಣದ ದೃಷ್ಟಿಯ ಬಗೆಗಿನ ಸಿದ್ಧಾಂತದಿಂದ ಅವರು ಮನೋವಿಜ್ಞಾನದಲ್ಲಿ ಖ್ಯಾತರಾಗಿದ್ದರು. ಎಲೆನ್ ಸ್ವಾಲೊ (ವಿವಾಹಾನಂತರ ಎಲೆನ್ ರಿಚರ್ಡ್ಸ್) 1870ರಲ್ಲಿ ಪದವಿ ಪಡೆದವರು. ಖಗೋಳವಿಜ್ಞಾನವೋ ರಸಾಯನವಿಜ್ಞಾನವೋ ಎಂದು ತೂಗಿನೋಡಿ ಎರಡನೆಯದನ್ನು ಆರಿಸಿಕೊಂಡ ಅವರು ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ ಸೇರಿದ ಮೊದಲ ಮಹಿಳೆ. ಆ ರಾಜ್ಯದ ನದಿ, ಕೆರೆಗಳ ನೀರಿನ ವ್ಯಾಪಕ ಪರೀಕ್ಷೆಯಲ್ಲಿ ಅವರ ಪಾತ್ರ ದೊಡ್ಡದು.

ಕೊನೆಯ ತಂಡಗಳಲ್ಲಿ ಒಬ್ಬರಾದ ಆಂಟೋನಿಯಾ ಮೌರಿ 1887ರಲ್ಲಿ ಪದವೀಧರೆಯಾಗಿ ಹಾರ್ವರ್ಡ್ ವೀಕ್ಷಣಾಲಯದ ಮಹಿಳಾ ಗಣಕರ ಗುಂಪನ್ನು ಸೇರಿದರು. ನಕ್ಷತ್ರಗಳ ರೋಹಿತಗಳನ್ನು ವಿಂಗಡಿಸುವಾಗ ಗೆರೆಗಳ ತೆಳುವು, ಚೂಪುಗಳನ್ನೂ ಗಮನಿಸಿ ಬೇರೆಯೇ ವರ್ಗ ಮಾಡಿದರು. ನಿರ್ದೇಶಕರಿಗೆ ಈ ಸೂಕ್ಷ್ಮ ಅನಗತ್ಯವೆನಿಸಿತ್ತು. ತೆಳು ಗೆರೆಯ ನಕ್ಷತ್ರಗಳು ಹೆಚ್ಚು ಪ್ರಕಾಶದ ದೈತ್ಯಗಳೆಂದು ಡ್ಯಾನಿಷ್ ವಿಜ್ಞಾನಿ ಹರ್ಟ್ಸ್‌ಸ್ಪ್ರಂಗ್ ತೋರಿಸಿದಾಗ ಆಧಾರವಾದದ್ದು ಮೌರಿಯವರ ವಿಂಗಡಣೆ. ಕಂಡದ್ದನ್ನು ಬಿಡದೆ ಬರೆದಿಡಬೇಕೆಂಬ ವಾಸರಿನ ಪಾಠ ಇಲ್ಲಿ ಕೆಲಸ ಮಾಡಿದಂತೆ ತೋರುತ್ತದೆ.

ಮೌರಿಯವರ ಸಹಪಾಠಿ ಮಾರ್ಗರೆಟಾ ಪಾಮರ್ ಯೇಲ್ ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಕೆಲಸ ಮಾಡುತ್ತ 1894ರಲ್ಲಿ ಡಾಕ್ಟರೇಟ್ ಪಡೆದರು. ಯೇಲ್ ಮಹಿಳೆಯರಿಗೆ ಆ ಪದವಿಯನ್ನು ಕೊಟ್ಟದ್ದು ಅದೇ ಮೊದಲ ಸಲ. ಅವರ ಪ್ರಬಂಧದ ವಿಷಯ 1847ರಲ್ಲಿ ತಮ್ಮ ಗುರು ಕಂಡುಹಿಡಿದ ಧೂಮಕೇತುವಿನ ಕಕ್ಷೆಯ ನಿರ್ಣಯ.

ನಿವೃತ್ತಿ ಮತ್ತು ನಿಧನ

ಆರೋಗ್ಯ ಕುಂದಿದ್ದರಿಂದ 1888ರ ಆರಂಭದಲ್ಲಿ ಮಿಚೆಲ್ ರಾಜೀನಾಮೆ ನೀಡಿದರು. ಜೀವಿತಾವಧಿಯವರೆಗೆ ವೀಕ್ಷಣಾಲಯದಲ್ಲಿಯೇ ವಾಸವಾಗಿರಬಹುದೆಂದು ಕಾಲೇಜು ಕೇಳಿಕೊಂಡರೂ ಅವರು ಲಿನ್ ಪಟ್ಟಣಕ್ಕೆ ಮರಳಿದರು. 1889ರ ಜೂನ್ 28ರಂದು ಎಪ್ಪತ್ತನೆಯ ವಯಸ್ಸಿನಲ್ಲಿ ನಿಧನರಾದರು. ನಾಂಟಕೆಟ್ಟಿನ ಪ್ರಾಸ್ಪೆಕ್ಟ್ ಹಿಲ್ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. ಅವರು ಅವಿವಾಹಿತರಾಗಿದ್ದರು. ಅವರ ಪತ್ರ ಮತ್ತು ದಿನಚರಿಗಳನ್ನು ತಂಗಿ ಫೀಬಿ ಮಿಚೆಲ್ ಕೆಂಡಲ್ ಸಂಕಲಿಸಿ 1896ರಲ್ಲಿ ಪ್ರಕಟಿಸಿದರು.

ಸ್ಮಾರಕಗಳು

1902ರಲ್ಲಿ ಸ್ಥಾಪಿತವಾದ ಮರಿಯಾ ಮಿಚೆಲ್ ಸಂಘವು ನಾಂಟಕೆಟ್ಟಿನಲ್ಲಿ ಅವರು ಹುಟ್ಟಿದ ಮನೆಯನ್ನು ಕಾಪಾಡಿಕೊಂಡು ಬಂದಿದ್ದು, ಅದರ ಪಕ್ಕದಲ್ಲಿ 1908ರಲ್ಲಿ ವೀಕ್ಷಣಾಲಯವೊಂದನ್ನು ಕಟ್ಟಿಸಿತು. ಚಂದ್ರನ ಮೇಲಿನ ಕುಳಿಯೊಂದಕ್ಕೆ ಮಿಚೆಲ್ ಎಂದು, 1455ನೆಯ ಕ್ಷುದ್ರಗ್ರಹಕ್ಕೆ ಮಿಚೆಲಾ ಎಂದು ಹೆಸರಿಡಲಾಗಿದೆ. ಅವರೂ ವಿದ್ಯಾರ್ಥಿನಿಯರೂ ತೆಗೆದಿದ್ದ ಸೂರ್ಯನ ಗಾಜಿನ ಫಲಕಗಳು ಬಹುಕಾಲ ಯಾರ ಗಮನಕ್ಕೂ ಬಾರದೆ, 1997ರಲ್ಲಿ ವಾಸರಿನ ಹಳೆಯ ವೀಕ್ಷಣಾಲಯದ ಒಂದು ಕಪಾಟಿನಲ್ಲಿ ದೊರೆತವು.